‘ಎಕ್ಸ್‌ಕವೇಟ್’: ಒಂದು ಪದ, ನನ್ನದೊಂದು ತಪ್ಪು

ಈ ಲೇಖನವನ್ನು ಸಂಪಾದಕರು ಕೇಳಿ ಬರೆಸಿದ್ದಲ್ಲ, ನಾನಾಗಿಯೇ ಬರೆದು ಕಳಿಸುತ್ತಿದ್ದೇನೆ. ಇದಕ್ಕೂ ಮುಂಚೆ ಈ ಪತ್ರಿಕೆಯಲ್ಲಿ ನಾನು ಬರೆದದ್ದು ಹೆಚ್ಚಾಗಿ ಅಡುಗೆಯ ವಿಷಯ. ಒಮ್ಮೆ ಮಾತ್ರ ಧಾರವಾಡದ ನನ್ನ ಕಾಲೇಜು ದಿನಗಳ ಬಗ್ಗೆ ಬರೆದಿದ್ದೆ. ಈ ಸಲದ ವಿಷಯ ಒಂದು ಇಂಗ್ಲಿಷ್ ಕ್ರಿಯಾಪದ. “ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಠ ಯಾಕೆ?” ಎಂದು ಹಿರಿಯರು ಬೇಸರಿಸಬಾರದು. ಆ ಪದವನ್ನು ಸರಿಯಾಗಿ ತಿಳಿಯದೆ ನಾನು ಆಡಿದ ಮಾತಿನಿಂದ ನಮ್ಮ ಮನೆಯ ಹುಡುಗನೊಬ್ಬ ನಾಲ್ಕು ಜನರೆದುರು ತಲೆ ತಗ್ಗಿಸಬೇಕಾಯಿತು. ತಪ್ಪನ್ನು ಆ ನಾಲ್ಕು ಜನರೆದುರೇ ಒಪ್ಪಿಕೊಳ್ಳುವುದು ನ್ಯಾಯ ಎನ್ನಿಸಿತು. ಮಹಾರಾಷ್ಟ್ರದಲ್ಲೇ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳಲ್ಲಿ ಓಡಾಡುವ ನಮ್ಮ ಹುಡುಗ ಹುಡುಗಿಯರು ಇದನ್ನು ಓದಬೇಕೆಂಬುದು ನನ್ನ ಆಸೆ.

ವೇರೂಳದಲ್ಲಿ ಆ ದಿನ

ನನ್ನ ತಂಗಿಯ ಮಗ ನಾಸಿಕದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಇರುವುದು ನಮ್ಮ ಮನೆಯಲ್ಲೇ. ತಂಗಿಯ ಮನೆ ಛತ್ರಪತಿ ಸಂಭಾಜಿನಗರದಲ್ಲಿ. 2023ರವರೆಗೆ ಅದು ಔರಂಗಾಬಾದ್ ಆಗಿತ್ತು. ನನ್ನ ಬಾಯಿಗೆ ಇನ್ನೂ ಹಳೆಯ ಹೆಸರೇ ಬಂದುಬಿಡುತ್ತದೆ, ಹುಡುಗ ತಿದ್ದುತ್ತಾನೆ. ಕಳೆದ ದೀಪಾವಳಿಗೆ ಅವನನ್ನು ಕರೆದುಕೊಂಡು ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಹಬ್ಬ ಮುಗಿದ ಮೇಲೆ ಎಲ್ಲರೂ ಸೇರಿ ಎಲ್ಲೋರಾ ನೋಡಿ ಬರೋಣ ಎಂದಾಯಿತು. ಇಲ್ಲಿಯವರ ಬಾಯಲ್ಲಿ ಅದು ವೇರೂಳ. ಊರಿನಿಂದ ಸುಮಾರು 30 ಕಿಲೋಮೀಟರ್ ದೂರ. ಮಂಗಳವಾರ ಅಲ್ಲಿ ರಜೆ ಎಂಬುದನ್ನು ಮರೆತು ಬುತ್ತಿ ಕಟ್ಟಿಕೊಂಡು ಹೋಗಿ, ಗೇಟಿನಿಂದಲೇ ತಿರುಗಿ ಬಂದೆವು. ಮಾರನೆಯ ದಿನ ಮತ್ತೆ ಹೋದೆವು.

ವೇರೂಳದಲ್ಲಿ ಅಂಕಿ ಹಾಕಿದ ಗುಹೆಗಳು 34. ಮೊದಲ ಹನ್ನೆರಡು ಬೌದ್ಧರವು, 13ರಿಂದ 29ರವರೆಗೆ ಹಿಂದೂ ಗುಹೆಗಳು, ಕೊನೆಯ ಐದು ಜೈನರವು. ಹದಿನಾರನೆಯದೇ ಜಗತ್ಪ್ರಸಿದ್ಧ ಕೈಲಾಸ. ಅದರ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದಾಗ ನಮ್ಮ ಹುಡುಗ ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಿಕೆಯಿಂದ ಓದಿದ: ಈ ದೇವಾಲಯವನ್ನು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ ‘ಎಕ್ಸ್‌ಕವೇಟ್’ ಮಾಡಲಾಯಿತು. ಓದಿದವನೇ ನನ್ನತ್ತ ತಿರುಗಿದ.

“ಮಾವಶಿ, ಎಂಟನೇ ಶತಮಾನದಾಗ ಎಕ್ಸ್‌ಕವೇಟ್ ಮಾಡಿದ್ರು ಅಂತ ಅದ. ಹಂಗಾದ್ರ ಅದಕ್ಕಿಂತ ಮೊದಲ ಕಟ್ಟಿದವರು ಯಾರು?”

ಮನೆಯಲ್ಲಿ ಇಂಗ್ಲಿಷ್ ಬಿ.ಎ. ಎಂದರೆ ನಾನೊಬ್ಬಳೇ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. “ಯಾರೋ ಭಾಳ ಹಿಂದಿನ ರಾಜರು ಕಟ್ಟಿರಬೇಕಪಾ. ಆಮ್ಯಾಲೆ ಮಣ್ಣು ಮುಚ್ಚಿರತದ. ಕೃಷ್ಣರಾಜ ಅದನ್ನ ಅಗಿಸಿ ಹೊರಗ ತಗಿಸಿದ” ಎಂದುಬಿಟ್ಟೆ. ಗುಡ್ಡದೊಳಗೆ ಇಳಿದಿರುವ ಆ ಅಂಗಳ, ಮೂರೂ ಕಡೆ ನೆಟ್ಟಗೆ ನಿಂತ ಕಲ್ಲಿನ ಗೋಡೆ ನೋಡಿದರೆ ನನ್ನ ಮಾತು ನಿಜವೇ ಅನ್ನುವ ಹಾಗಿತ್ತು. ಹುಡುಗ ತಲೆಯಾಡಿಸಿದ. ಕೈಲಾಸವನ್ನು ಮನುಷ್ಯರೇ ಮಾಡಿಲ್ಲ, ಬೇರೆ ಲೋಕದವರು ಬಂದು ಮಾಡಿದ್ದು ಎಂದು ಹೇಳುವ ವಿಡಿಯೋ ಒಂದನ್ನು ಅವನು ಮೊಬೈಲಿನಲ್ಲಿ ನೋಡಿದ್ದನಂತೆ. ನನ್ನ ಉತ್ತರ ಅದರ ಜೊತೆ ಚೆನ್ನಾಗಿಯೇ ಹೊಂದಿಕೊಂಡಿತು.

ರಾಜ್ಯೋತ್ಸವದ ವೇದಿಕೆ

ನವೆಂಬರ್ ಕೊನೆಯಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಈ ಸಲ ಯುವಕರು ಐದೈದು ನಿಮಿಷ ಕನ್ನಡದಲ್ಲಿ ಮಾತಾಡಬೇಕು ಎಂದು ಗೊತ್ತು ಮಾಡಿದ್ದರು. ನಮ್ಮ ಹುಡುಗ ವೇರೂಳದ ಬಗ್ಗೆ ಮಾತಾಡುತ್ತೇನೆ ಎಂದಾಗ ನನಗೆ ಹೇಳಲಾರದಷ್ಟು ಸಂತೋಷ. ಕನ್ನಡ ಅಕ್ಷರ ಅವನಿಗೆ ಕಷ್ಟ. ಆದ್ದರಿಂದ ಕನ್ನಡ ಮಾತನ್ನೇ ಮರಾಠಿ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದ. ಎಂಟು ದಿನ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ.

ವೇದಿಕೆಯ ಮೇಲೆ ಅವನು ಚೆನ್ನಾಗಿಯೇ ಮಾತಾಡಿದ. ಕೊನೆಗೆ, “ಕೈಲಾಸವನ್ನ ರಾಷ್ಟ್ರಕೂಟರು ಮಾಡಿಸಿದ್ದಲ್ಲ, ಅವರು ಬರೇ ಅಗೆದು ತಗಿಸಿದ್ರು” ಎಂದ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, ನಾವೆಲ್ಲ ಕಾಕಾ ಎಂದು ಕರೆಯುವವರು, ಕುಳಿತಲ್ಲಿಂದಲೇ ನಗುತ್ತ ಕೇಳಿದರು: “ತಮ್ಮಾ, ನಮ್ಮ ಅಜ್ಜ ಹೊಲದಾಗ ಬಾವಿ ತೋಡಿಸಿದ ಅಂದ್ರ, ಆ ಬಾವಿ ಮೊದಲ ಅಲ್ಲೇ ಮಣ್ಣಾಗ ಹುಗದಿತ್ತೇನು?”

ಸಭೆಯೆಲ್ಲ ನಕ್ಕಿತು. ಕಾಕಾ ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಆದರೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಆ ನಗೆ ಹೇಗೆ ಕೇಳಿಸಿರಬೇಕು! ಹಾಳೆ ಮಡಚಿ ಕಿಸೆಗೆ ಹಾಕಿಕೊಂಡು ಕೆಳಗಿಳಿದ. ಮನೆಗೆ ಬರುವಾಗ ದಾರಿಯಲ್ಲಿ ಒಂದೇ ಮಾತು: “ನೀವ ಹೇಳಿದ್ರಿ ಮಾವಶಿ. ಇನ್ನ ಸ್ಟೇಜ್ ಮ್ಯಾಲೆ ಕನ್ನಡ ಮಾತಾಡೂದಿಲ್ಲ ನಾ.”

ಅವನ ಕನ್ನಡದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಇಂಗ್ಲಿಷಿನಲ್ಲಿ. ಆ ರಾತ್ರಿ ಅಡುಗೆಮನೆ ತೊಳೆದು ಮುಗಿಸಿ, ಅಟ್ಟದ ಮೇಲಿದ್ದ ಕಾಲೇಜು ಕಾಲದ ಇಂಗ್ಲಿಷ್ ನಿಘಂಟನ್ನು ಇಳಿಸಿ ಧೂಳು ಕೊಡವಿದೆ.

ಪದದ ತವರುಮನೆ

ಎಕ್ಸ್‌ಕವೇಟ್ ಎಂಬ ಪದ ಇಂಗ್ಲಿಷಿನಲ್ಲಿ ಹುಟ್ಟಿದ್ದಲ್ಲ. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಲ್ಯಾಟಿನ್ನಿನಿಂದ ಬಂದು ಸೇರಿದ್ದು. ಅದರ ತವರುಮನೆ ‘ಎಕ್ಸ್‌ಕವಾರೆ’ ಎಂಬ ಲ್ಯಾಟಿನ್ ಕ್ರಿಯಾಪದ. ಅದನ್ನು ಬಿಡಿಸಿದರೆ ಎರಡು ತುಂಡು. ‘ಎಕ್ಸ್’ ಎಂದರೆ ಹೊರಗೆ. ‘ಕವಾರೆ’ ಎಂದರೆ ಪೊಳ್ಳು ಮಾಡು, ಟೊಳ್ಳು ಮಾಡು. ‘ಕವುಸ್’ ಎಂದರೆ ಪೊಳ್ಳಾದದ್ದು, ಒಳಗೆ ಖಾಲಿ ಇರುವಂಥದ್ದು. ಒಟ್ಟಿಗೆ ಸೇರಿಸಿದರೆ ‘ಒಳಗಿನದನ್ನು ಹೊರಗೆ ತೆಗೆದು ಪೊಳ್ಳು ಮಾಡು’ ಎಂದಾಗುತ್ತದೆ. ಅಗೆದು ಹುಡುಕುವ ಮಾತೇ ಈ ಮೂಲದಲ್ಲಿ ಇಲ್ಲ.

ಅಡುಗೆಮನೆಯಲ್ಲಿ ನಾವು ದಿನವೂ ಇದನ್ನೇ ಮಾಡುತ್ತೇವೆ. ದೊಣ್ಣೆಮೆಣಸಿನಕಾಯಿಗೆ ಪಲ್ಯ ತುಂಬಬೇಕಾದರೆ ಮೊದಲು ತೊಟ್ಟು ತೆಗೆದು, ಒಳಗಿನ ಬೀಜವನ್ನೆಲ್ಲ ಬೆರಳಿನಿಂದ ಕಿತ್ತು ಹೊರಗೆ ಹಾಕುತ್ತೇವಲ್ಲ, ಲ್ಯಾಟಿನ್ ಮಾತಾಡುವ ಗೃಹಿಣಿ ಇದ್ದಿದ್ದರೆ ಅದಕ್ಕೆ ಎಕ್ಸ್‌ಕವಾರೆ ಎನ್ನುತ್ತಿದ್ದಳು.

ಮುಂದಿನ ‘ಎಕ್ಸ್’ ನಿಮಗೆ ಹೊಸದಲ್ಲ. ಸಿನಿಮಾ ಟಾಕೀಸಿನ ಬಾಗಿಲ ಮೇಲಿನ ಎಕ್ಸಿಟ್ ಎಂದರೆ ಹೊರಗೆ ಹೋಗುವ ದಾರಿ. ನಾಸಿಕದ ದ್ರಾಕ್ಷಿ, ಉಳ್ಳಾಗಡ್ಡಿ ಎಕ್ಸ್‌ಪೋರ್ಟ್ ಆಗುವುದೆಂದರೆ ಹೊರಗೆ ಹೊತ್ತುಕೊಂಡು ಹೋಗುವುದು, ಏಕೆಂದರೆ ಲ್ಯಾಟಿನ್ನಿನ ‘ಪೋರ್ತಾರೆ’ಗೆ ಹೊರು ಎಂಬ ಅರ್ಥ. ಕೊನೆಯ ‘ಏಟ್’ ಕೂಡ ಪರಿಚಿತವೇ. ಲ್ಯಾಟಿನ್ನಿನಲ್ಲಿ ‘ಆತುಸ್’ ಎಂದು ಕೊನೆಗೊಳ್ಳುವ ರೂಪಗಳು ಇಂಗ್ಲಿಷಿಗೆ ಬಂದು ಏಟ್ ಆದವು. ಕ್ರಿಯೇಟ್, ನ್ಯಾವಿಗೇಟ್, ನಮ್ಮಂಥವರ ಬಗ್ಗೆ ಸದಾ ಹೇಳುವ ಮೈಗ್ರೇಟ್, ಎಲ್ಲ ಇದೇ ಗುಂಪು.

ನಡುವಿನ ‘ಕವುಸ್’ನ ಸಂಸಾರ ದೊಡ್ಡದು. ಗುಹೆಗೆ ಹೇಳುವ ಕೇವ್, ದೊಡ್ಡ ಗುಹೆಗೆ ಹೇಳುವ ಕ್ಯಾವರ್ನ್, ಹಲ್ಲಿನ ಡಾಕ್ಟರು ತೋರಿಸಿ ಹೆದರಿಸುವ ಕ್ಯಾವಿಟಿ, ಭೌತಶಾಸ್ತ್ರದ ಕಾನ್‌ಕೇವ್ ಕನ್ನಡಿ, ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಕವುಸ್‌ನಿಂದ ‘ಕವೆಯ’ ಎಂಬ ಪದ ಹುಟ್ಟಿತು. ಪೊಳ್ಳಾದ ಜಾಗ, ಪಂಜರ ಎಂದು ಅರ್ಥ. ಅದೇ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು ಕೇಜ್ ಆಯಿತು. ಅದರ ಚಿಕ್ಕ ರೂಪ, ಅಂದರೆ ‘ಸಣ್ಣ ಪಂಜರ’ ಎಂಬರ್ಥದ್ದು, ಅದೇ ದಾರಿಯಲ್ಲಿ ಸಾಗಿ ಜೈಲ್ ಆಯಿತು. ನಮ್ಮ ಹಳ್ಳಿಯವರೂ ಜೇಲು ಎನ್ನುವಾಗ ಲ್ಯಾಟಿನ್ನಿನ ಒಂದು ಚೂರನ್ನು ಬಾಯಲ್ಲಿ ಆಡಿಸುತ್ತಾರೆ!

ಇಲ್ಲಿ ಒಂದು ಎಚ್ಚರಿಕೆ. ಕೇವ್ ಮತ್ತು ನಮ್ಮ ‘ಗವಿ’ ಕೇಳಲು ಅಕ್ಕತಂಗಿಯರ ಹಾಗಿವೆ. ಎರಡಕ್ಕೂ ಅರ್ಥ ಒಂದೇ. ಹಾಗೆಂದು ನೆಂಟಸ್ತಿಕೆ ಕಟ್ಟಬೇಡಿ. ಕೇವ್ ಬಂದ ದಾರಿ ಲ್ಯಾಟಿನ್ನಿನದು, ಗವಿ ಕನ್ನಡದಲ್ಲೂ ತೆಲುಗಿನಲ್ಲೂ ಬಳಕೆಯಲ್ಲಿರುವ ನಮ್ಮ ಕಡೆಯ ಮಾತು. ಎರಡು ಪದಗಳ ಮುಖ ಒಂದೇ ರೀತಿ ಇದ್ದ ಮಾತ್ರಕ್ಕೆ ಅವು ಒಂದೇ ಮನೆಯವು ಆಗುವುದಿಲ್ಲ. ಹಿಂದಿನವರು ಹೇಗೆ ಬಳಸಿದ್ದರು ಎಂದು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು.

ಒಂದು ಪದ, ಎರಡು ಅರ್ಥ

ಹಾಗಾದರೆ ಅಗೆದು ಹೊರತೆಗೆ ಎಂಬ ಅರ್ಥ ಎಲ್ಲಿಂದ ಬಂತು? ನೆಲದಲ್ಲಿ ಗುಂಡಿ ಮಾಡುವುದೂ ಪೊಳ್ಳು ಮಾಡುವುದೇ. ಆದ್ದರಿಂದ ಅಡಿಪಾಯಕ್ಕೆ, ಕಾಲುವೆಗೆ ಮಣ್ಣು ತೆಗೆಯುವುದಕ್ಕೂ ಎಕ್ಸ್‌ಕವೇಟ್ ಎಂದರು. ಇವತ್ತು ನಾವು ಎಲ್ಲವನ್ನೂ ಜೇಸೀಬಿ ಎಂದು ಕರೆದುಬಿಡುವ ಯಂತ್ರಗಳಲ್ಲಿ ಒಂದು ಜಾತಿಗೆ ಎಕ್ಸ್‌ಕವೇಟರ್ ಎಂಬ ಹೆಸರು ಬಂದದ್ದು ಹೀಗೆ. ಮಣ್ಣು ತೆಗೆಯುವಾಗ ಕೆಲವೊಮ್ಮೆ ಕೆಳಗೆ ಹಳೆಯ ಗೋಡೆ, ಮಡಕೆ, ನಾಣ್ಯ ಸಿಗುತ್ತವೆ. ಇಟಲಿಯಲ್ಲಿ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೇ ನಗರದಲ್ಲಿ 1748ರಿಂದ ಅಗೆತ ನಡೆಯಿತು. ಇಂಥ ಕೆಲಸಗಳು ಹೆಚ್ಚಿದಂತೆ ‘ಹೂತದ್ದನ್ನು ಅಗೆದು ಬೆಳಕಿಗೆ ತರು’ ಎಂಬ ಎರಡನೆಯ ಅರ್ಥ ಬಲವಾಯಿತು. ಶಾಲೆಯ ಪುಸ್ತಕದಲ್ಲಿ ಹರಪ್ಪಾ, ಮೊಹೆಂಜೋದಾರೋ ಓದಿದ ನಮಗೆಲ್ಲ ಮೊದಲು ನೆನಪಾಗುವುದು ಈ ಎರಡನೆಯದೇ.

ಎರಡು ಅರ್ಥಗಳನ್ನು ಬೇರ್ಪಡಿಸುವ ಸುಲಭ ಉಪಾಯ ಕಾಕಾನ ಬಾವಿಯಲ್ಲೇ ಇದೆ. ‘ಬಾವಿ ತೋಡಿದರು’ ಎಂದಾಗ ತೋಡುವ ಮುಂಚೆ ಬಾವಿ ಇರಲಿಲ್ಲ. ತೋಡಿದ್ದರಿಂದಲೇ ಅದು ಬಾವಿಯಾಯಿತು. ‘ನಿಧಿ ಅಗೆದರು’ ಎಂದಾಗ ಅಗೆಯುವ ಮುಂಚೆಯೇ ನಿಧಿ ಇತ್ತು. ಮಾಡಿದವರು ಬೇರೆ, ಅಗೆದವರು ಬೇರೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಎಕ್ಸ್‌ಕವೇಟ್ ಎಂಬ ಒಂದೇ ಪದ ಸಲ್ಲುತ್ತದೆ. ಗುಹೆಯನ್ನು ಎಕ್ಸ್‌ಕವೇಟ್ ಮಾಡಿದರು ಎಂದರೆ ಬಾವಿಯ ಅರ್ಥ, ಕೊರೆದು ಮಾಡಿದರು ಎಂದು. ಹೂತ ನಗರವನ್ನು ಎಕ್ಸ್‌ಕವೇಟ್ ಮಾಡಿದರು ಎಂದರೆ ನಿಧಿಯ ಅರ್ಥ. ಅಜಂತಾ, ವೇರೂಳ, ನಾಸಿಕದ ಗುಹೆಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವ ವಿದ್ವಾಂಸರು ಮೊದಲನೆಯ ಅರ್ಥದಲ್ಲಿ ಬರೆಯುತ್ತಾರೆ. ನಾನು ಎರಡನೆಯ ಅರ್ಥದಲ್ಲಿ ಓದಿದೆ. ಅಷ್ಟರಲ್ಲೇ ಮಾಡಿದವನು ಬರೀ ಅಗೆದವನಾಗಿಬಿಟ್ಟ.

ಕನ್ನಡದ ಹಾರೆ, ಕನ್ನಡದ ಉಳಿ

ನನಗೆ ನಾಚಿಕೆಯ ಜೊತೆಗೆ ಆಶ್ಚರ್ಯವೂ ಆದದ್ದು ಇಲ್ಲಿ. ಅದೇ ವಾಕ್ಯ ಕನ್ನಡದಲ್ಲಿ ಇದ್ದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಏಕೆಂದರೆ ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಮಾತಿದೆ. ನೆಲವನ್ನು ಅಗೆಯುತ್ತೇವೆ, ಬಾವಿ ತೋಡುತ್ತೇವೆ, ಕೊಳವೆಬಾವಿ ಕೊರೆಯುತ್ತೇವೆ, ಮೂರ್ತಿ ಕೆತ್ತುತ್ತೇವೆ, ಗೋಡೆ ಕಟ್ಟುತ್ತೇವೆ. ಹಳೆಯ ಶಾಸನಗಳಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತಿದವನು ‘ಕಂಡರಿಸಿದ’ ಎಂದು ಹೇಳುವುದುಂಟು. ಪತ್ರಿಕೆಗಳಲ್ಲಿ ಬರುವ ‘ಉತ್ಖನನ’ ಸಂಸ್ಕೃತದ್ದು. ‘ಖನ್’ ಎಂದರೆ ಅಗೆ, ‘ಉತ್’ ಎಂದರೆ ಮೇಲಕ್ಕೆ. ಖನಿಜ ಎಂಬ ಪದದಲ್ಲೂ ಇದೇ ಇದೆ. ನಮ್ಮ ‘ಗಣಿ’ ಸಂಸ್ಕೃತದ ‘ಖನಿ’ಯಿಂದಲೇ ಬಂದದ್ದು, ಮರಾಠಿಯ ‘ಖಣಣೆ’ಯೂ ಅದೇ ಮನೆತನ.

ಬಾದಾಮಿಯ ಗುಹೆಗಳನ್ನು ಉತ್ಖನನ ಮಾಡಿದರು ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ಕೊರೆದರು ಎನ್ನುತ್ತಾರೆ. ಅಲ್ಲಿಯ ಮೂರನೆಯ ಗುಹೆಯ ಶಾಸನಕ್ಕೆ ಶಕವರ್ಷ 500, ಅಂದರೆ ಕ್ರಿ.ಶ. 578ರ ತೇದಿ ಇದೆ. ಆದರೆ ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದದ್ದು ಉತ್ಖನನ. ಮಣ್ಣಿನೊಳಗಿನಿಂದ ಬೌದ್ಧ ಸ್ತೂಪವೊಂದು ಹೊರಬಂತು. ಅಶೋಕನ ಹೆಸರು ಬರೆದ ಅವನ ಶಿಲ್ಪವೂ ಸಿಕ್ಕಿತು. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಬಳಸುತ್ತದೆ, ಕನ್ನಡ ಒಂದಕ್ಕೆ ಉಳಿ, ಇನ್ನೊಂದಕ್ಕೆ ಹಾರೆ ಕೊಡುತ್ತದೆ. ಇಂಗ್ಲಿಷ್ ಓದುವಾಗಲೂ ಒಳಗೆ ಕನ್ನಡ ಇದ್ದರೆ ಎಷ್ಟು ಉಪಕಾರ ನೋಡಿ. “ಇದು ಅಗೆದದ್ದೋ ಕೊರೆದದ್ದೋ?” ಎಂದು ಒಂದು ಸಲ ನನ್ನನ್ನೇ ಕೇಳಿಕೊಂಡಿದ್ದರೆ ಸಾಕಿತ್ತು.

ಕೈಲಾಸ ಆದ ಬಗೆ

ಈಗ ಕೈಲಾಸಕ್ಕೆ ಮರಳೋಣ. ದಖ್ಖನ್ನಿನ ಈ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರ ಪದರವಾಗಿ ಗಟ್ಟಿಯಾದದ್ದು. ಕಲ್ಲುಕುಟಿಗರು ಗುಡ್ಡದ ಇಳಿಜಾರಿನಲ್ಲಿ ಮೇಲಿನಿಂದ ಮೂರು ಕಡೆ ಆಳವಾದ ಕಂದಕ ಕಡಿದು, ನಡುವೆ ಒಂದು ದೊಡ್ಡ ಬಂಡೆಯನ್ನು ಬಿಟ್ಟುಕೊಂಡರು. ಆ ಬಂಡೆಯನ್ನೇ ಶಿಖರದಿಂದ ಶುರುಮಾಡಿ ಕೆಳಗೆ ಕೆಳಗೆ ಕೆತ್ತುತ್ತ ಬಂದರು. ಅಂಗಳದ ಉದ್ದ ಸುಮಾರು 84 ಮೀಟರ್, ಅಗಲ ಸುಮಾರು 47 ಮೀಟರ್. ಹಿಂದಿನ ಗೋಡೆಯ ಎತ್ತರ ಸುಮಾರು 33 ಮೀಟರ್. ಕಡಿದು ಹೊರಗೆ ಹಾಕಿದ ಕಲ್ಲು ಎರಡು ಲಕ್ಷ ಟನ್ನಿನಷ್ಟು ಎಂಬ ಅಂದಾಜು ಹೇಳುವುದುಂಟು. ಹತ್ತು ಟನ್ ಹೊರುವ ಲಾರಿಗೆ ತುಂಬಿದರೆ ಇಪ್ಪತ್ತು ಸಾವಿರ ಲಾರಿ ಎಂದು ನಮ್ಮ ಹುಡುಗ ಲೆಕ್ಕ ಹಾಕಿದ.

ಇದರ ಕಷ್ಟ ಏನು ಗೊತ್ತೇ? ಕಟ್ಟುವ ಗುಡಿಯಲ್ಲಿ ಒಂದು ಕಲ್ಲು ಒಡೆದರೆ ಬೇರೆ ಕಲ್ಲು ತರಬಹುದು. ಇಲ್ಲಿ ಆನೆಯ ಸೊಂಡಿಲು ಒಡೆದರೆ ಹೋಯಿತು. ಮೇಲೆ ಶಿಖರ ಕೆತ್ತುವಾಗಲೇ ಕೆಳಗೆ ಎಲ್ಲಿ ಕಂಬ, ಎಲ್ಲಿ ಮೆಟ್ಟಿಲು, ಎಲ್ಲಿ ಆನೆ ಎಂದು ಗೊತ್ತಿರಬೇಕು. ಅನುಕೂಲವೂ ಒಂದಿದೆ. ಎತ್ತರದ ಶಿಖರಕ್ಕೆ ಮರದ ಅಟ್ಟಣೆ ಕಟ್ಟಬೇಕಿಲ್ಲ, ನಿಲ್ಲಲು ಕಾಲ ಕೆಳಗೆ ಕಲ್ಲೇ ಇರುತ್ತದೆ. ಈ ಕೆಲಸವನ್ನು ಮನುಷ್ಯರೇ ಮಾಡಿದರು ಎಂಬುದಕ್ಕೆ ಗೋಡೆಯ ಮೇಲೆ ಇವತ್ತಿಗೂ ಕಾಣುವ ಉಳಿಯ ಗೆರೆಗಳೇ ಸಾಕ್ಷಿ. ಸಾಲದಿದ್ದರೆ ಅಜಂತಾಕ್ಕೆ ಹೋಗಿ 24ನೆಯ ಗುಹೆ ನೋಡಿ. ಅದು ಅರ್ಧಕ್ಕೇ ನಿಂತುಹೋದ ಕೆಲಸ. ಕೊರೆಯುವುದನ್ನು ಯಾವ ಹಂತದಲ್ಲಿ ಬಿಟ್ಟರೋ ಹಾಗೆಯೇ ಇದೆ.

ಮಾಡಿಸಿದವರು ಯಾರು? ಬಾದಾಮಿಯ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟರ ರಾಜ್ಯವನ್ನು ಎತ್ತಿ ನಿಲ್ಲಿಸಿದವನು ದಂತಿದುರ್ಗ. ಅವನ ಶಾಸನ ವೇರೂಳದ 15ನೆಯ ಗುಹೆಯಲ್ಲಿದೆ. ಅವನ ನಂತರ ಸುಮಾರು 756ರಲ್ಲಿ ಪಟ್ಟಕ್ಕೆ ಬಂದವನು ಅವನ ಚಿಕ್ಕಪ್ಪ ಒಂದನೆಯ ಕೃಷ್ಣ. ಕೈಲಾಸದ ಮುಖ್ಯ ಕೆಲಸ ಅವನ ಕಾಲದ್ದು. ಎಲ್ಲವೂ ಅವನೊಬ್ಬನ ಕಾಲದಲ್ಲೇ ಮುಗಿಯಲಿಲ್ಲ, ಮುಂದಿನವರೂ ಸೇರಿಸುತ್ತ ಹೋದರು ಎಂದು ವಿದ್ವಾಂಸರು ಹೇಳುತ್ತಾರೆ. ಅದೇ ವಂಶದ ಗುಜರಾತ್ ಶಾಖೆಯ ಕರ್ಕನ ತಾಮ್ರಶಾಸನವೊಂದು ಬಡೋದೆಯಲ್ಲಿ ಸಿಕ್ಕಿದೆ. ಅದು ಸುಮಾರು 812ರದು. ಏಲಾಪುರದಲ್ಲಿ ಕೃಷ್ಣರಾಜ ಮಾಡಿಸಿದ ದೇವಾಲಯ ಕಂಡು ದೇವತೆಗಳೇ ಬೆರಗಾದರು, ಮಾಡಿದ ಶಿಲ್ಪಿಗೇ ‘ಇದನ್ನು ನಾನು ಹೇಗೆ ಮಾಡಿದೆ’ ಎನ್ನಿಸಿತು ಎಂಬ ಅರ್ಥದ ಮಾತು ಅದರಲ್ಲಿದೆ. ಬೇರೆ ಲೋಕದವರು ಮಾಡಿದರು ಎನ್ನುವ ವಿಡಿಯೋಗೆ ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟ ಉತ್ತರ ಇದು.

ಮರಾಠಿಯಲ್ಲಿ ಇದಕ್ಕೊಂದು ಕತೆಯೂ ಇದೆ. ರಾಜನ ಕಾಯಿಲೆ ವಾಸಿಯಾದರೆ ಶಿವನಿಗೆ ಗುಡಿ ಮಾಡಿಸುವೆ, ಅದರ ಶಿಖರ ಕಾಣುವವರೆಗೆ ಉಣ್ಣುವುದಿಲ್ಲ ಎಂದು ರಾಣಿ ಮಾಣಿಕಾವತಿ ಹರಕೆ ಹೊತ್ತಳು. ಗುಡಿ ಕಟ್ಟಿ ಶಿಖರ ಏರಿಸುವವರೆಗೆ ರಾಣಿ ಬದುಕುವುದು ಹೇಗೆ? ಆಗ ಪೈಠಣದ ಕೊಕಸ ಎಂಬ ಶಿಲ್ಪಿ ಮೇಲಿನಿಂದಲೇ ಶುರುಮಾಡಿ ಮೊದಲು ಶಿಖರವನ್ನೇ ತೋರಿಸಿಬಿಟ್ಟನಂತೆ. ಕತೆ ಕತೆಯೇ ಇರಲಿ. ಆದರೆ ಕತೆ ಕಟ್ಟಿದವನಿಗೂ ಇದು ಮೇಲಿನಿಂದ ಕೊರೆದದ್ದು ಎಂದು ತಿಳಿದಿತ್ತು. ನನಗೆ ಅಷ್ಟೂ ತಿಳಿಯಲಿಲ್ಲ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೋಡಿದವರಿಗೆ ಕೈಲಾಸ ಪರಿಚಿತವೆನ್ನಿಸುತ್ತದೆ. ಚಾಲುಕ್ಯರ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದ ಮಧ್ಯಭಾಗದಲ್ಲಿ ಮಾಡಿಸಿದ ಗುಡಿ ಅದು. ಎರಡರ ನಡುವಿನ ಹೋಲಿಕೆಯನ್ನು ವಿದ್ವಾಂಸರು ಬಹಳ ಕಾಲದಿಂದ ಗುರುತಿಸಿದ್ದಾರೆ. ಮಲಪ್ರಭೆಯ ದಂಡೆಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ರೂಪವನ್ನು ಇಲ್ಲಿ ಗುಡ್ಡದಿಂದ ಕಲ್ಲು ತೆಗೆದು ಪಡೆದರು.

ಮುಂದೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿಯ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು 850ರಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದು ಹೇಳುತ್ತದೆ. ನಾಸಿಕದಲ್ಲಿ ನಾವು ದಿನವೂ ದಾಟುವ ಗೋದಾವರಿ ಅದೇ! ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕನ್ನಡ ಶಾಸನವೊಂದು ದೂರದ ಮಧ್ಯಪ್ರದೇಶದ ಜೂರಾ ಎಂಬಲ್ಲಿ ದೊರೆತಿದೆ. ಹಾಗೆಂದು ವೇರೂಳ ನಮ್ಮದೋ ಮರಾಠಿಗರದೋ ಎಂಬ ಜಗಳಕ್ಕೆ ಇಳಿಯಬೇಡಿ. ಇಂದಿನ ರಾಜ್ಯಗಳ ಗಡಿಗೆರೆ ಆಗ ಇರಲಿಲ್ಲ. ನೀವು ಹುಟ್ಟಿದ ಈ ನೆಲ ನಿಮ್ಮ ತಾಯಿನುಡಿಗೆ ಪರಕೀಯವಲ್ಲ ಎಂದು ತಿಳಿದರೆ ಸಾಕು.

ಪಾಂಡವಲೇಣಿಯ ಮೆಟ್ಟಿಲು

ಇಷ್ಟೆಲ್ಲ ಓದಿಕೊಂಡ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹುಡುಗನನ್ನು ಎಬ್ಬಿಸಿದೆ. “ನಡಿ, ಪಾಂಡವಲೇಣಿಗೆ ಹೋಗೂಣು” ಎಂದೆ. ಮುಖ ಗಂಟಿಕ್ಕಿಕೊಂಡೇ ಸ್ಕೂಟರ್ ತೆಗೆದ. ನಾಸಿಕದ ಮಧ್ಯದಿಂದ ಸುಮಾರು ಎಂಟು ಕಿಲೋಮೀಟರ್, ಮುಂಬೈ-ಆಗ್ರಾ ರಸ್ತೆಯ ಪಕ್ಕದ ಗುಡ್ಡ ಅದು. ಮೊಣಕಾಲು ನೋವಿನಿಂದ ನಾನು ನಾಲ್ಕು ಕಡೆ ಕುಳಿತು ಹತ್ತಿದೆ. ಅವನು ಮೇಲೆ ಹೋಗಿ ಕಾಯುತ್ತಿದ್ದ.

ಹೆಸರು ಪಾಂಡವರದಾದರೂ ಇವು ಬೌದ್ಧ ಭಿಕ್ಷುಗಳ 24 ಗುಹೆಗಳು. ಹಳೆಯವು ಎರಡು ಸಾವಿರ ವರ್ಷಗಳಷ್ಟು ಹಿಂದಿನವು. ಗುಡ್ಡದ ಹಳೆಯ ಹೆಸರು ತ್ರಿರಶ್ಮಿ. ಮೂರನೆಯ ಗುಹೆಯನ್ನು ದಾನ ಮಾಡಿದವಳು ಒಬ್ಬ ತಾಯಿ, ಗೌತಮೀಪುತ್ರ ಶಾತಕರ್ಣಿಯ ತಾಯಿ ಗೌತಮಿ ಬಲಶ್ರೀ. ಮೊಮ್ಮಗ ಪುಳುಮಾವಿಯ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷದಲ್ಲಿ ಹಾಕಿಸಿದ ಅವಳ ಶಾಸನ ಅಲ್ಲೇ ಗೋಡೆಯ ಮೇಲಿದೆ. ಹತ್ತನೆಯ ಗುಹೆ ನಹಪಾನನ ಅಳಿಯ ಉಷವದಾತನದು. ಈ ಶಾಸನಗಳು ಗುಹೆಗೆ ಬಳಸುವ ಪದ ‘ಲೇಣ’. ಎರಡು ಸಾವಿರ ವರ್ಷ ಕಳೆದರೂ ನಮ್ಮ ರಿಕ್ಷಾದವರು “ಲೇಣೀಲಾ ಜಾಯಚಂ ಕಾ?” ಎನ್ನುವಾಗ ಅದೇ ಪದ ಕೇಳುತ್ತೇವೆ. ಉಷವದಾತನ ಶಾಸನದಲ್ಲಿ ಈ ಲೇಣವನ್ನು ‘ಮಾಡಿಸಿದ’ ಎಂಬ ಅರ್ಥದ ಮಾತೇ ಇದೆ. ಇದ್ದದ್ದನ್ನು ಹುಡುಕಿದ ಎಂದಿಲ್ಲ.

ಹುಡುಗ ಗೋಡೆಯ ಮೇಲೆ ಕೈಯಾಡಿಸಿ ಉಳಿಯ ಗೆರೆ ನೋಡಿದ. ಆಮೇಲೆ ಎಂಜಿನಿಯರನ ಪ್ರಶ್ನೆ ಬಂತು: “ಚಾವಣಿ ಮೊದಲು ಕೊರೀತಿದ್ರೋ, ನೆಲ ಮೊದಲೋ?” ಚಾವಣಿಯ ಕಡೆಯಿಂದ ಕೆಳಗೆ ಇಳಿಯುತ್ತಿದ್ದರು ಎಂದೆ. ಈ ಸಲ ಓದಿಕೊಂಡು ಹೇಳಿದ ಉತ್ತರ. ಇಳಿಯುವಾಗ ಇನ್ನೊಂದು ಸಂಗತಿ ಹೇಳಿದೆ. ಇದೇ ನಾಸಿಕದಲ್ಲಿ ಗೋದಾವರಿಯ ದಂಡೆಯ ಹಳೆಯ ಮಣ್ಣಿನ ದಿಬ್ಬದಲ್ಲಿ 1950-51ರಲ್ಲಿ ಎಚ್.ಡಿ. ಸಾಂಕಳಿಯಾ ಮತ್ತು ಎಸ್.ಬಿ. ದೇವ್ ಅವರು ಉತ್ಖನನ ನಡೆಸಿ, ಹೂತುಹೋದ ಹಳೆಯ ವಸತಿಯ ಕುರುಹುಗಳನ್ನು ಹೊರತೆಗೆದರು. ಅಂದರೆ ಒಂದೇ ಊರಿನಲ್ಲಿ ಎರಡೂ ಎಕ್ಸ್‌ಕವೇಟ್ ಇವೆ. ಗುಡ್ಡದ ಮೇಲಿನದು ಕೊರೆದದ್ದು, ನದಿಯ ದಂಡೆಯದು ಅಗೆದದ್ದು. “ಇದನ್ನ ಆವತ್ತು ಹೇಳಿದ್ರ ಛಲೋ ಇತ್ತಲ್ಲ ಮಾವಶಿ” ಎಂದ. ಮೂರು ವಾರಗಳ ನಂತರ ಮೊದಲ ಸಲ ನಕ್ಕ.

ಮಕ್ಕಳೇ, ನಿಮಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಗೊತ್ತಿಲ್ಲದ ಪದ ಬಂದರೆ ನಾವೆಲ್ಲ ನಿಘಂಟು ನೋಡುತ್ತೇವೆ. ಮೋಸವಾಗುವುದು ಗೊತ್ತಿದೆ ಎಂದುಕೊಂಡ ಪದದಲ್ಲಿ. ಅಂಥ ಪದ ಕಂಡಾಗ ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ, ಅರ್ಥ ಕೂಡದಿದ್ದರೆ ಅಲ್ಲೇ ನಿಲ್ಲಿ. ಎರಡನೆಯದು, ನಮ್ಮಂಥ ದೊಡ್ಡವರು ಏನಾದರೂ ಹೇಳಿದರೆ “ಎಲ್ಲಿ ಓದಿದ್ರಿ?” ಎಂದು ಕೇಳಿ. ಅದು ಉದ್ಧಟತನವಲ್ಲ. ಆ ದಿನ ಅವನು ಹಾಗೆ ಕೇಳಿದ್ದರೆ ನಾನು ತಡವರಿಸುತ್ತಿದ್ದೆ, ಅವನು ಉಳಿದುಕೊಳ್ಳುತ್ತಿದ್ದ.

ಯುಗಾದಿಯ ಕಾರ್ಯಕ್ರಮದಲ್ಲಿ ಮತ್ತೆ ಮಾತಾಡುವೆಯಾ ಎಂದು ಕೇಳಿದ್ದೇನೆ. “ನೋಡೂಣು” ಎಂದಿದ್ದಾನೆ. ಈ ಲೇಖನವನ್ನು ಬರೆದಿಟ್ಟ ದಿನದಿಂದ ಸಂಜೆ ಹೊತ್ತು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಾನೆ. ತನ್ನ ಬಗ್ಗೆ ಮಾವಶಿ ಏನು ಬರೆದಿದ್ದಾಳೆ ಎಂದು ನೋಡಬೇಕಂತೆ. ನಿನ್ನೆಯವರೆಗೆ ಎರಡನೆಯ ಪುಟ ಮುಗಿದಿದೆ. ಒತ್ತಕ್ಷರದಲ್ಲಿ ಇನ್ನೂ ಎಡವುತ್ತಾನೆ. ಒಂದು ಕಡೆ ನನ್ನ ಕಾಗುಣಿತದ ತಪ್ಪನ್ನೂ ಹಿಡಿದ, ತಿದ್ದಿಕೊಂಡೆ.